ಮಳೆಗಾಲದ ಕ್ಯಾಂಪರ್‌ನಲ್ಲಿ ಟಾವೆಲ್ ಒಣಗಿಸುವ ಕೆಲಸ: ತಕ್ಕಡಿ, ಪಂಚಾ ಮತ್ತು ನಾಲ್ಕು ಕಂಬಿ

ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ವಿಜಯಪುರದ ನಮ್ಮ ಮನೆಯಂಗಳದಲ್ಲಿಯೇ ಅದಕ್ಕೆ ಮಂಚ, ಒಲೆಕಟ್ಟೆ, ನೀರಿನ ಟಾಕಿ ಎಲ್ಲವನ್ನೂ ಕೂಡಿಸಿ ನಾಲ್ವರು ಮಲಗುವಂಥ ಕ್ಯಾಂಪರ್ ಮಾಡಿಕೊಳ್ಳುವಾಗ ಒಂದೊಂದು ಸ್ಕ್ರೂವಿನ ಅಳತೆಯನ್ನೂ ವಿಚಾರ ಮಾಡಿದ್ದೆ. ಟಾವೆಲ್‌ಗಳ ವಿಚಾರ ಮಾತ್ರ ಮನಸ್ಸಿಗೆ ಬಂದಿರಲಿಲ್ಲ. ಮನೆಯಲ್ಲಿ ಬಳಸುವ ನಾಲ್ಕು ದಪ್ಪ ಟಾವೆಲ್‌ಗಳನ್ನೇ ಮಡಚಿ ಇಟ್ಟುಕೊಂಡು, ಜುಲೈ ತಿಂಗಳಿನಲ್ಲಿ ಮಲಪ್ರಭೆಯ ದಂಡೆಗುಂಟ, ಆ ನದಿಯು ಕೃಷ್ಣೆಯನ್ನು ಸೇರುವ ಕೂಡಲಸಂಗಮದಿಂದ ಅದು ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯವರೆಗೆ, ಹೊಳೆಯ ಎದುರುಮುಖವಾಗಿ ಪ್ರವಾಸ ಹೊರಟೆವು.

ಕೂಡಲಸಂಗಮದಲ್ಲಿಯೂ ಪಟ್ಟದಕಲ್ಲಿನಲ್ಲಿಯೂ ಯಾವ ತೊಂದರೆಯೂ ಕಾಣಲಿಲ್ಲ. ಮೋಡ ಮುಸುಕಿದ್ದರೂ ಬಯಲುಸೀಮೆಯ ಗಾಳಿ ಬೀಸುತ್ತಿತ್ತು. ಬಾಗಿಲಿಗೆ ಹಾಕಿದ ಟಾವೆಲ್ ಮಧ್ಯಾಹ್ನದೊಳಗೆ ಒಣಗುತ್ತಿತ್ತು. ಸವದತ್ತಿ ದಾಟಿ ಖಾನಾಪುರದ ಕಡೆಗೆ ತಿರುಗಿದ ಮೇಲೆ ಮಳೆ ಹಿಡಿಯಿತು, ಕಣಕುಂಬಿಯಲ್ಲಿ ಅದು ಬಿಡಲೇ ಇಲ್ಲ. ಮೂರನೆಯ ದಿನದ ಒದ್ದೆ ಟಾವೆಲ್‌ನಿಂದಲೇ ನಾಲ್ಕನೆಯ ದಿನ ಮೈ ಒರೆಸಿಕೊಳ್ಳಬೇಕಾಯಿತು. ಐದನೆಯ ದಿನ ನಾಲ್ಕಕ್ಕೂ ಮುಗ್ಗಲು ವಾಸನೆ ಬಂದಿತು, ಕಿಟಕಿಯ ಗಾಜಿನ ಒಳಮೈಯಿಂದ ನೀರು ಹನಿಹನಿಯಾಗಿ ಇಳಿದು ಹಾಸಿಗೆಯ ಅಂಚನ್ನು ತೋಯಿಸಿತು, ಟಾವೆಲ್ ತೂಗುಬಿಟ್ಟಿದ್ದ ಕಡೆ ಪ್ಲೈವುಡ್‌ನ ತುದಿ ಉಬ್ಬಿಕೊಂಡಿತು. ಒಂದೇ ನದಿಯ ಒಂದು ತುದಿಯಲ್ಲಿ ಸರಿಯಾಗಿದ್ದ ವಸ್ತು ಇನ್ನೊಂದು ತುದಿಯಲ್ಲಿ ಉಪಯೋಗಕ್ಕೆ ಬಾರದಂತಾದುದನ್ನು ಕಂಡ ಮೇಲೆ, ಊರಿಗೆ ಬಂದವನೇ ಅಡಿಗೆಮನೆಯ ಒಂದು ಗ್ರಾಂ ಸೂಕ್ಷ್ಮದ ತಕ್ಕಡಿಯನ್ನು ಪಡಸಾಲೆಗೆ ತಂದಿಟ್ಟುಕೊಂಡೆನು.

ಸ್ನಾನ ಮಾಡಿ ಎದ್ದ ಮನುಷ್ಯನ ಮೈಮೇಲೆ ಎಷ್ಟು ನೀರಿರುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗಿತ್ತು. ಒರೆಸಿಕೊಳ್ಳುವ ಮೊದಲು ಒಮ್ಮೆ, ಒರೆಸಿಕೊಂಡ ಮೇಲೆ ಒಮ್ಮೆ ಟಾವೆಲ್ ತೂಗಿ ನೋಡಿದರೆ ಉತ್ತರ ಸಿಗುತ್ತದೆ. ಒಂದು ವಾರ ಮನೆಯವರೆಲ್ಲರೂ ಹೀಗೆ ತೂಗಿದೆವು. ಒಬ್ಬೊಬ್ಬರಿಗೆ 80ರಿಂದ 110 ಗ್ರಾಂ ಬಂದಿತು. ತಲೆಸ್ನಾನ ಮಾಡಿದ ದಿನ ಮಗಳ ಉದ್ದ ಕೂದಲಿನಿಂದಾಗಿ ಮಾತ್ರ 190 ಗ್ರಾಂ. ಈ ಅಂಕಿ ಟಾವೆಲ್ ಬದಲಾದರೂ ಹೆಚ್ಚು ಬದಲಾಗಲಿಲ್ಲ. ನೀರು ಮೈಮೇಲಿರುವಷ್ಟೇ ಇರುತ್ತದೆ, ಬಟ್ಟೆ ದಪ್ಪವಾಗಿದ್ದರೆ ನೀರು ಹೆಚ್ಚಾಗುವುದಿಲ್ಲ. ಹಾಗಾದರೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಹಿಡಿಯಬಲ್ಲ ದಪ್ಪ ಟಾವೆಲ್‌ನ ಶಕ್ತಿಯ ಬಹುಪಾಲು ನಮಗೆ ಬೇಕಾಗಿಯೇ ಇರಲಿಲ್ಲ. ಅದನ್ನು ಒಗೆದ ದಿನ ಮಾತ್ರ ಆ ಶಕ್ತಿ ಪೂರ್ತಿ ತುಂಬಿಕೊಳ್ಳುತ್ತಿತ್ತು, ಒಣಗಿಸಬೇಕಾದ ಭಾರವಾಗಿ.

ಬಟ್ಟೆಯ ದಪ್ಪವನ್ನು ಅಂಗಡಿಯವರು ಜಿಎಸ್ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂದರ್ಥ. ಚೀಟಿಯಲ್ಲಿ ಅದು ಬರೆದಿರದಿದ್ದರೂ ಚಿಂತೆಯಿಲ್ಲ, ಉದ್ದ ಅಗಲಗಳನ್ನು ಮೀಟರಿನಲ್ಲಿ ಗುಣಿಸಿ ಆ ಸಂಖ್ಯೆಯಿಂದ ತೂಕವನ್ನು ಭಾಗಿಸಿದರೆ ಸಾಕು. ನಮ್ಮ ದಪ್ಪ ಟಾವೆಲ್‌ಗಳು ಸೊಲ್ಲಾಪುರದವು. ನಮ್ಮೂರಿನಿಂದ ಸುಮಾರು 100 ಕಿಲೋಮೀಟರ್ ದೂರದ ಆ ಊರಿನ ಚಾದರಕ್ಕೂ ಟೆರ್ರಿ ಟಾವೆಲ್‌ಗೂ ಭೌಗೋಳಿಕ ಸೂಚಿಕೆ ದೊರೆತಿದೆ, ನಮ್ಮ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್‌ನಲ್ಲಿಯೂ ಅವು ಸಿಗುತ್ತವೆ, ಮನೆಯ ಬಚ್ಚಲಿಗೆ ಅವುಗಳಷ್ಟು ಒಳ್ಳೆಯ ಟಾವೆಲ್ ನಾನು ಕಂಡಿಲ್ಲ. 75 ಸೆಂಟಿಮೀಟರ್ ಅಗಲ, 150 ಉದ್ದದ ಒಂದು ಟಾವೆಲ್ 452 ಗ್ರಾಂ ತೂಗಿತು, ಅಂದರೆ ಸುಮಾರು 400 ಜಿಎಸ್ಎಂ. ನೀರಿನಲ್ಲಿ ಅದ್ದಿ, ಇಬ್ಬರು ಎರಡು ತುದಿ ಹಿಡಿದು ಕೈಲಾದಷ್ಟು ಹಿಂಡಿದ ಮೇಲೂ ಅದರಲ್ಲಿ 560 ಗ್ರಾಂ ನೀರು ಉಳಿಯಿತು. ನಾಲ್ಕು ಟಾವೆಲ್ ಒಗೆದರೆ ಎರಡೂ ಕಾಲು ಲೀಟರ್ ನೀರನ್ನು ನಾವೇ ವಾಹನದೊಳಗೆ ಹೊತ್ತು ತಂದಂತೆ. ಟೆರ್ರಿಯ ಮೈಮೇಲೆಲ್ಲ ನೂಲಿನ ಕುಣಿಕೆಗಳಿರುತ್ತವೆ. ನೀರನ್ನು ಬೇಗ ಎಳೆದುಕೊಳ್ಳುವ ಗುಣವೂ ಅದನ್ನು ಒಳಗೆ ಬಚ್ಚಿಟ್ಟುಕೊಳ್ಳುವ ಗುಣವೂ ಆ ಕುಣಿಕೆಗಳಿಂದಲೇ ಬರುತ್ತವೆ.

ಇದರ ಪಕ್ಕದಲ್ಲಿ ಇಟ್ಟು ನೋಡಿದ್ದು ಜೇನುಗೂಡಿನ ನೇಯ್ಗೆಯ ಹತ್ತಿ ಬಟ್ಟೆ, ಪ್ರವಾಸಿಗಳು ಬಳಸುವ ಮೈಕ್ರೋಫೈಬರ್, ಬಿದಿರಿನದೆಂದು ಮಾರುವ ಟಾವೆಲ್ ಮತ್ತು ನಮ್ಮ ಕಡೆಯ ಸಾದಾ ಪಂಚಾ. ಬಿದಿರಿನದರ ವಿಷಯ ಬೇಗ ಮುಗಿಸುತ್ತೇನೆ. ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ತೆಗೆದ ವಿಸ್ಕೋಸ್ ನೂಲು ಅದು, ಮುಟ್ಟಲು ಬಹಳ ಮೃದು, ಆದರೆ ಐದರಲ್ಲಿ ಅತಿ ಹೆಚ್ಚು ನೀರು ಹಿಡಿದಿಟ್ಟುಕೊಂಡದ್ದೂ ಅತಿ ತಡವಾಗಿ ಒಣಗಿದ್ದೂ ಅದೇ. ವಿಸ್ಕೋಸ್ ನೂಲು ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಿಂದ ಜೋರಾಗಿ ಹಿಂಡುವಂತೆಯೂ ಇಲ್ಲ. ಕ್ಯಾಂಪರ್‌ಗೆ ಅದು ಸಲ್ಲದು.

ಮೈಕ್ರೋಫೈಬರ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಸೂಚಿಸುವುದು ಅದನ್ನೇ. ಸಾಮಾನ್ಯವಾಗಿ ಅದರಲ್ಲಿ 80 ಭಾಗ ಪಾಲಿಯೆಸ್ಟರ್, 20 ಭಾಗ ಪಾಲಿಅಮೈಡ್ ಇರುತ್ತದೆ, ಒಂದೊಂದು ಎಳೆಯನ್ನೂ ಸಂತ್ರದ ತೊಳೆಯಂತೆ ಸೀಳಿರುತ್ತಾರೆ. ಸೀಳಿದ ಎಳೆ ಒಂದು ಡೆನಿಯರ್‌ಗಿಂತಲೂ ಸಣ್ಣದು, ಅಂದರೆ 9,000 ಮೀಟರ್ ಉದ್ದದ ಎಳೆಯ ತೂಕ ಒಂದು ಗ್ರಾಂ ಕೂಡ ಆಗುವುದಿಲ್ಲ. ಪಾಲಿಯೆಸ್ಟರ್ ತಾನಾಗಿ ನೀರು ಕುಡಿಯುವ ವಸ್ತುವಲ್ಲ: ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಎಳೆಯೊಳಗೇ ಇಟ್ಟುಕೊಂಡರೆ, ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ನೀರೆಲ್ಲ ಎಳೆಗಳ ನಡುವಿನ ಸಂದಿಗಳಲ್ಲಿ ನಿಲ್ಲುತ್ತದೆ, ಹಿಂಡಿದರೆ ಬೇಗ ಹೊರಬರುತ್ತದೆ. 60×120 ಅಳತೆಯ, 140 ಗ್ರಾಂ ತೂಕದ ನನ್ನ ತುಂಡಿನಲ್ಲಿ ಹಿಂಡಿದ ಮೇಲೆ ಉಳಿದದ್ದು 120 ಗ್ರಾಂ ನೀರು. ಕೂದಲಿಗೆ ಅದಕ್ಕೆ ಸಮನಾದುದಿಲ್ಲ. ಮಗಳು ಹತ್ತು ನಿಮಿಷ ಸುತ್ತಿಕೊಂಡು ಬಿಚ್ಚಿದರೆ ಕೂದಲಿನ ಮುಕ್ಕಾಲು ನೀರು ಬಟ್ಟೆಗೆ ಬಂದಿರುತ್ತದೆ. ಆದರೆ ತೊಯ್ದ ಮೈಮೇಲೆ ಎಳೆದರೆ ಅದು ನೀರನ್ನು ಹೀರುವ ಬದಲು ಮುಂದಕ್ಕೆ ತಳ್ಳುತ್ತದೆ, ಒತ್ತಿ ಒತ್ತಿ ತೆಗೆಯಬೇಕು. ಕೆಲಸ ಮಾಡಿ ಒರಟಾದ ಅಂಗೈಗೆ ಅದರ ಎಳೆಗಳು ಸಿಕ್ಕಿಕೊಂಡಂತಾಗುತ್ತದೆ, ಹೊಲದ ಬದುವಿನಲ್ಲಿ ಒಣಹಾಕಿದರೆ ಉತ್ತರಾಣಿಯ ಕಾಳೆಲ್ಲ ಅದಕ್ಕೇ ಅಂಟಿಕೊಳ್ಳುತ್ತವೆ. ಬಟ್ಟೆಯನ್ನು ಮೃದುಮಾಡುವ ದ್ರವವನ್ನು ಅದಕ್ಕೆ ಎಂದಿಗೂ ಹಾಕಬಾರದು, ಹಾಕಿದರೆ ಸಂದಿಗಳು ಮುಚ್ಚಿಕೊಂಡು ಹೀರುವ ಗುಣ ಹೋಗುತ್ತದೆ. ಒಗೆಯುವಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರುವುದರಿಂದ ಹೊಳೆಯ ದಂಡೆಯಲ್ಲಿ ಅದನ್ನು ಒಗೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಜೇನುಗೂಡಿನ ನೇಯ್ಗೆಯಲ್ಲಿ ಚೌಕ ಚೌಕವಾದ ಕುಳಿಗಳಿರುತ್ತವೆ. ಅವುಗಳ ಏರಿಗಳು ಮಾತ್ರ ಮೈಗೆ ತಾಗಿ, ಕುಳಿಗಳಲ್ಲಿ ಗಾಳಿ ಆಡುತ್ತದೆ. 70×140 ಅಳತೆಯ ಬಟ್ಟೆ 236 ಗ್ರಾಂ ತೂಗಿತು, ಹಿಂಡಿದ ಮೇಲೆ 225 ಗ್ರಾಂ ನೀರು ಉಳಿಯಿತು. ಪಂಚಾ ಎಂದರೆ ಕುಣಿಕೆಯೂ ಇಲ್ಲದ, ಕುಳಿಯೂ ಇಲ್ಲದ, ಒಂದು ಹಾಸು ಒಂದು ಹೊಕ್ಕಿನ ಸಾದಾ ನೇಯ್ಗೆ. ರಬಕವಿ-ಬನಹಟ್ಟಿಯ ಪರಿಚಿತ ನೇಕಾರರೊಬ್ಬರಿಂದ ಹಿಂದೆಂದೋ ತಂದು ಪೆಟ್ಟಿಗೆಯಲ್ಲಿಟ್ಟಿದ್ದ 75×150ರ ಪಂಚಾ 150 ಗ್ರಾಂ ತೂಗಿ, ಹಿಂಡಿದ ಮೇಲೆ 140 ಗ್ರಾಂ ನೀರು ಉಳಿಸಿಕೊಂಡಿತು. ಪಡಸಾಲೆಯ ನೆರಳಿನಲ್ಲಿ, ಜುಲೈ ತಿಂಗಳ ಹವೆಯಲ್ಲಿ, ಪಂಚಾ ಎರಡು ಗಂಟೆಯ ಮೇಲೆ ಹತ್ತು ನಿಮಿಷಕ್ಕೆ ಒಣಗಿತು. ಮೈಕ್ರೋಫೈಬರ್ ಎರಡೂವರೆ ಗಂಟೆ, ಜೇನುಗೂಡು ಸುಮಾರು ನಾಲ್ಕು ಗಂಟೆ ತೆಗೆದುಕೊಂಡವು. ಮುಂಜಾನೆ ಹಾಕಿದ ಟೆರ್ರಿಯ ಮಡಿಕೆ ಸಂಜೆಯವರೆಗೂ ಹಸಿಯಾಗಿಯೇ ಇತ್ತು.

ಕೊಳ್ಳುವವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಹೊಸ ಹತ್ತಿ ಬಟ್ಟೆಯ ಮೇಲೆ ಗಂಜಿಯೋ ನುಣುಪು ಕೊಡುವ ಲೇಪವೋ ಇರುವುದರಿಂದ ಮೊದಲ ದಿನವೇ ಅದರ ಗುಣ ಅಳೆಯಬಾರದು. ಒಂದು ಹನಿ ನೀರನ್ನು ಬಟ್ಟೆಯ ಮೇಲೆ ಬಿಟ್ಟು ನೋಡಿದಾಗ ಹೊಸ ಜೇನುಗೂಡಿನ ಮೇಲೆ ಅದು ಮುತ್ತಿನಂತೆ ನಿಂತಿತು. ಬಿಸಿನೀರಿನಲ್ಲಿ ಮೂರು ಸಲ ಒಗೆದ ಮೇಲೆ ಬಿದ್ದ ಕ್ಷಣವೇ ಇಂಗಿತು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಅದರಲ್ಲಿನ ಸುಣ್ಣದ ಅಂಶ ಸಾಬೂನಿನೊಡನೆ ಸೇರಿ ಎಳೆಗಳ ಮೇಲೆ ಕೂಡುವುದರಿಂದ ಹಳೆಯ ಟಾವೆಲ್‌ಗಳು ಹಪ್ಪಳದಂತೆ ಬಿರುಸಾಗುತ್ತವೆ. ಕೊನೆಯ ಜಾಲಿಸುವ ನೀರಿಗೆ ಒಂದು ಲಿಂಬೆಹಣ್ಣು ಹಿಂಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇನ್ನು, ಹತ್ತಿಯೆಂದು ಹೇಳಿ ಕೊಟ್ಟದ್ದರಲ್ಲಿ ಪಾಲಿಯೆಸ್ಟರ್ ಬೆರೆತಿದೆಯೇ ಎಂದು ತಿಳಿಯಲು ಅಂಚಿನ ಒಂದು ಎಳೆ ಕಿತ್ತು, ಚಿಮಟದಿಂದ ಹಿಡಿದು ಬೆಂಕಿಗೆ ತೋರಿಸಬೇಕು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಾನು ತಂದ ಜೇನುಗೂಡಿನ ಬಟ್ಟೆಗಳಲ್ಲಿ ಒಂದು ಈ ಪರೀಕ್ಷೆಯಲ್ಲಿ ಸೋತದ್ದರಿಂದ ಹಿಂದಿರುಗಿಸಿದೆ.

ಅಂಕಿಗಳನ್ನೆಲ್ಲ ಬರೆದಿಟ್ಟು ನೋಡುತ್ತಿರುವಾಗ ಕೂಡಲಸಂಗಮದ ಮೆಟ್ಟಿಲುಗಳ ಮೇಲೆ ಕಂಡ ಒಬ್ಬ ಹಿರಿಯರು ನೆನಪಾದರು. ಅವರು ಮುಳುಗು ಹಾಕಿ ಎದ್ದು, ಒದ್ದೆಯ ಪಂಚಾವನ್ನೇ ಬಿಗಿಯಾಗಿ ಹಿಂಡಿ, ಅದರಿಂದಲೇ ತಲೆ ಮೈ ಒರೆಸಿ, ಮತ್ತೆ ಹಿಂಡಿ, ಮತ್ತೆ ಒರೆಸಿ, ಜಾಡಿಸಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲೇರಿ ಹೋಗಿದ್ದರು. ನಮ್ಮ ಕಡೆ ಹೊಳೆಗೆ ಹೋಗುವ ಗಂಡಸರೆಲ್ಲ ಹೀಗೆಯೇ ಮಾಡುತ್ತಾರೆ, ನನ್ನ ತಂದೆಯವರೂ ಹೀಗೆಯೇ ಮಾಡುತ್ತಿದ್ದರು. ಒರೆಸುವ ಬಟ್ಟೆ ಒಣಗಿರಲೇಬೇಕೆಂಬ ನಿಯಮವಿಲ್ಲ. ಹಿಂಡಿದ ತೆಳು ಹತ್ತಿಯ ಎಳೆಗಳ ನಡುವೆ ಮತ್ತೆ ನೀರಿಗೆ ಜಾಗವಿರುತ್ತದೆ, ಮಾತ್ರವಲ್ಲ, ಮೊದಲೇ ತೊಯ್ದ ಎಳೆ ನೀರನ್ನು ಇನ್ನೂ ಬೇಗ ಎಳೆದುಕೊಳ್ಳುತ್ತದೆ. ಹಿಂಡಿದಾಗ ಆ ನೀರು ನೆಲಕ್ಕೆ ಹೋಗುತ್ತದೆಯೇ ಹೊರತು ಆವಿಯಾಗಿ ಹಾಸಿಗೆಗೆ ಬರುವುದಿಲ್ಲ. ಆ ಮೆಟ್ಟಿಲುಗಳ ಮೇಲೆ ಕಣ್ಣಮುಂದೆಯೇ ಇದ್ದ ಈ ಉಪಾಯ ತಕ್ಕಡಿ ಹಿಡಿಯುವವರೆಗೆ ನನಗೆ ಅರ್ಥವಾಗಿರಲಿಲ್ಲ.

ಮಾಡಿ ನೋಡಿದೆ. ಹಿಂಡಿದ ಪಂಚಾ 290 ಗ್ರಾಂ. ಮೈ ಒರೆಸಿದ ಮೇಲೆ 345. ಮತ್ತೆ ಹಿಂಡಿ ಒರೆಸಿದಾಗ 312 ಆಯಿತು. ಅಷ್ಟು ಹೊತ್ತಿಗೆ ಮೈಮೇಲೆ ಉಳಿದದ್ದು 20 ಗ್ರಾಂನಷ್ಟು ಪಸೆ ಮಾತ್ರ, ಅದನ್ನು ಒಣಗಿದ ಬಟ್ಟೆಯೊಂದು ಸುಲಭವಾಗಿ ತೆಗೆಯಿತು. ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಹಿಂಡಿದ ಪಂಚಾದಲ್ಲಿಯೇ 140 ಗ್ರಾಂ ನೀರು ಉಳಿಯುವುದರಿಂದ, ಅದನ್ನು ಒಳಗೆ ತಂದು ಒಣಹಾಕಿದರೆ ಮೈಮೇಲಿನ 100 ಗ್ರಾಂ ನೀರನ್ನು ಉಳಿಸಲು ಹೋಗಿ 160 ಗ್ರಾಂ ತಂದಂತಾಗುತ್ತದೆ. ಈ ದೋಷ ಕಾಣಿಸಿದ ಮೇಲೆ ಕೆಲಸವನ್ನು ಎರಡು ಬಟ್ಟೆಗಳಿಗೆ ಹಂಚಿದೆ. ಪಂಚಾಗಳನ್ನು ನಡುವೆ ಕತ್ತರಿಸಿ ಅಂಚು ಹೊಲಿಸಿ, ಒಬ್ಬೊಬ್ಬರಿಗೆ 75 ಸೆಂಟಿಮೀಟರ್ ಚೌಕದ ಒಂದೊಂದು ತುಂಡು ಮಾಡಿದೆ. ಇದು ಒದ್ದೆ ಬಟ್ಟೆ, ಎಂದೂ ವಾಹನದೊಳಗೆ ಬರುವುದಿಲ್ಲ. ಹಿಂಬಾಗಿಲಿನ ಹೊರಮೈಗೆ, ಮೇಲೆ ತಗಡಿನ ಮರೆಯಿರುವ ಜಾಳಿಗೆಯ ಪೆಟ್ಟಿಗೆಯೊಂದನ್ನು ಕೂಡಿಸಿದ್ದು, ಅವು ಅಲ್ಲಿಯೇ ತೂಗುತ್ತವೆ. ಮಳೆಯಲ್ಲಿ ಅವು ಒಣಗದಿದ್ದರೂ ಮರುದಿನದ ಕೆಲಸಕ್ಕೆ ಅಡ್ಡಿಯಿಲ್ಲ. ಎರಡನೆಯದು ಒಣಬಟ್ಟೆ, ಅಂದರೆ ಜೇನುಗೂಡಿನ ಹತ್ತಿ, ಅದಕ್ಕೆ ಬರುವುದು ದಿನಕ್ಕೆ 20 ಗ್ರಾಂ. ನಾಲ್ವರಿಗೆ ಸೇರಿ ಒಳಗೆ ಬರುವ ನೀರು 400 ಗ್ರಾಂನಿಂದ 80ಕ್ಕೆ ಇಳಿಯಿತು.

ಒದ್ದೆಯಾಗಿಯೇ ಉಳಿಯುವ ತುಂಡುಗಳಿಗೆ ವಾಸನೆ ಬರುವ ಭಯ ಇದ್ದೇ ಇದೆ. ಬಟ್ಟೆ ಎಷ್ಟು ಹೊತ್ತು ಹಸಿಯಾಗಿರುತ್ತದೆಯೋ ಅಷ್ಟು ಹೊತ್ತು ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮೊರಾಕ್ಸೆಲ್ಲಾ ಒಸ್ಲೊಯೆನ್ಸಿಸ್ ಎಂಬ ಜಾತಿಯೇ ಈ ಮುಗ್ಗಲು ವಾಸನೆಯ ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಲಾಗಿದೆ. ಆದ್ದರಿಂದ ಪ್ರತಿದಿನ ಸ್ನಾನದ ಜೊತೆಗೇ ಅವುಗಳಿಗೆ ಸಾಬೂನು ಹಚ್ಚಿ ತಿಕ್ಕುತ್ತೇವೆ, ಸಂಜೆ ಚಹಾಕ್ಕೆ ನೀರು ಕಾಯಿಸುವಾಗ ಒಂದು ಲೋಟ ಹೆಚ್ಚಿಗೆ ಕಾಯಿಸಿ ಕುದಿನೀರನ್ನು ಅವುಗಳ ಮೇಲೆ ಸುರಿಯುತ್ತೇವೆ. ತುಂಡು ಚಿಕ್ಕದು, ತೆಳುವಾದುದು. ಎರಡು ನಿಮಿಷದ ಕೆಲಸ. ದಪ್ಪ ಟೆರ್ರಿಗೆ ಇದನ್ನು ಪ್ರವಾಸದಲ್ಲಿ ಮಾಡಲಾಗದು.

ಇಷ್ಟಾದರೂ ಆ 80 ಗ್ರಾಂ ನೀರು ಎಲ್ಲಿಗೆ ಹೋಗಬೇಕು? ನಮ್ಮ ವಾಹನದ ಒಳಗಿನ ಜಾಗ ಸುಮಾರು 9 ಘನ ಮೀಟರ್. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 19.4 ಗ್ರಾಂ ನೀರಾವಿ ಹಿಡಿಯಬಲ್ಲದು. ಕಣಕುಂಬಿಯ ಜುಲೈ ರಾತ್ರಿಯಲ್ಲಿ ಆರ್ದ್ರತೆ ಶೇಕಡಾ 90 ಎಂದು ಹಿಡಿದರೆ ಅದರಲ್ಲಿ 17.5 ಗ್ರಾಂ ಆಗಲೇ ತುಂಬಿರುತ್ತದೆ. ಬಾಗಿಲು ಮುಚ್ಚಿದ ವಾಹನದ ಅಷ್ಟೂ ಗಾಳಿಯಲ್ಲಿ ಉಳಿಯುವ ಜಾಗ 17 ಗ್ರಾಂ ನೀರಿಗೆ ಮಾತ್ರ. ಮಲಗಿದ ಮನುಷ್ಯನೊಬ್ಬನ ಉಸಿರು ಮತ್ತು ಮೈಯಿಂದಲೇ ಗಂಟೆಗೆ 30 ಗ್ರಾಂನಷ್ಟು ತೇವ ಹೊರಬರುತ್ತದೆ. ಅಂದರೆ ನಾಲ್ವರು ಮಲಗಿ ಹತ್ತು ನಿಮಿಷವಾಗುವಷ್ಟರಲ್ಲಿ ಆ ಜಾಗ ತುಂಬಿಹೋಗುತ್ತದೆ, ಉಳಿದದ್ದು ತಣ್ಣಗಿನ ಗಾಜಿಗೆ ಹೋಗಿ ನೀರಾಗುತ್ತದೆ. ಮೊದಲ ಪ್ರವಾಸದಲ್ಲಿ ನಾಲ್ಕು ಟಾವೆಲ್‌ಗಳ 400 ಗ್ರಾಂ ನೀರು ಹೋಗಲು ದಾರಿಯೇ ಇರಲಿಲ್ಲ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯ ಒಣ ಗಾಳಿಯಲ್ಲಿ ಆರ್ದ್ರತೆ ಶೇಕಡಾ 20 ಇದ್ದರೆ ಒಂದೊಂದು ಘನ ಮೀಟರಿಗೂ 37 ಗ್ರಾಂ ಜಾಗವಿರುತ್ತದೆ. ವಿಜಯಪುರದ ಮಾಳಿಗೆಯ ಮೇಲೆ ಯಾವ ಟಾವೆಲ್ ಪರೀಕ್ಷಿಸಿದರೂ ಅದು ಬೇಗ ಒಣಗುವ ಟಾವೆಲ್ ಆಗಿ ಕಾಣುವುದು ಇದರಿಂದಲೇ.

ಲೆಕ್ಕದಲ್ಲಿ ಒಂದು ಸಮಾಧಾನವೂ ಇದೆ. ಅದೇ ಗಾಳಿ ಒಳಗೆ ಬಂದು ಮೂರು ಡಿಗ್ರಿ ಬಿಸಿಯಾಗಿ 25ಕ್ಕೆ ಏರಿದರೆ ಅದರ ಜಾಗ ಘನ ಮೀಟರಿಗೆ 1.9ರಿಂದ 5.5 ಗ್ರಾಂಗೆ ಹೆಚ್ಚುತ್ತದೆ. ನಾಲ್ವರ ಮೈಕಾವು ಆ ಮೂರು ಡಿಗ್ರಿಯನ್ನು ಕೊಡುತ್ತದೆ. ಹೊರಗಿನ ಗಾಳಿ ನಿಧಾನವಾಗಿ ಒಳಬಂದು, ಬಟ್ಟೆಯನ್ನು ದಾಟಿ ಹೊರಹೋಗುವಂತೆ ಮಾಡಿದರಾಯಿತು.

ಮೊದಲು ಮಾಡಿದ ಜೋಡಣೆ ಸರಿಯಾಗಲಿಲ್ಲ. ಕಂಪ್ಯೂಟರ್‌ಗಳಲ್ಲಿ ಬಳಸುವ 12 ವೋಲ್ಟಿನ, 120 ಮಿಲಿಮೀಟರ್‌ನ ಫ್ಯಾನನ್ನು ಬಟ್ಟೆಗಳ ಎದುರಿಗೆ ಕೂಡಿಸಿದ್ದೆ. ಬಟ್ಟೆ ಒಣಗಿತು, ತೇವ ಕಿಟಕಿಗೂ ಹಾಸಿಗೆಗೂ ಹೋಯಿತು. ಫ್ಯಾನನ್ನು ಕಿತ್ತು, ಹಿಂಬಾಗಿಲಿನ ಮೇಲಿನ ಮೂಲೆಯಲ್ಲಿ ತಗಡು ಕೊರೆದು, ಗಾಳಿಯನ್ನು ಹೊರಗೆ ದೂಡುವಂತೆ ತಿರುಗಿಸಿ ಕೂಡಿಸಿದೆ. ಹೊರಗಡೆ ಮಳೆ ಬರದಂತೆ ಕೆಳಮುಖದ ಮುಚ್ಚಳ, ಒಳಗಡೆ ಸೊಳ್ಳೆಯ ಜಾಳಿಗೆ. ಗಾಳಿ ಬರುವ ದಾರಿ ಚಾಲಕನ ಬಾಗಿಲಿನ ಕಡೆ, ನೆಲದ ಹತ್ತಿರದ ಸಂದಿಯಲ್ಲಿ. ಬಟ್ಟೆಗಳನ್ನು ಫ್ಯಾನಿನ ಸಮೀಪವೇ ತೂಗಬೇಕು, ಆಗ ಅವುಗಳ ಆವಿ ಮಲಗಿದವರ ಮೇಲೆ ಹಾಯದೆ ನೇರವಾಗಿ ಹೊರಹೋಗುತ್ತದೆ. ಫ್ಯಾನ್ ಎಳೆಯುವುದು ಕಾಲು ಆಂಪಿಯರ್, ರಾತ್ರಿಯ ಎಂಟು ಗಂಟೆಗೆ 2 ಆಂಪಿಯರ್-ಅವರ್. ನಮ್ಮ 100 ಆಂಪಿಯರ್-ಅವರ್‌ನ ಬ್ಯಾಟರಿಗೆ ಅದು ಭಾರವಲ್ಲ.

ಕಂಬಿಗಳ ವಿಷಯದಲ್ಲಿ ನಾನು ಬಹಳ ಹೊತ್ತು ಕಳೆದೆ, ಕಳೆದದ್ದಕ್ಕೆ ಫಲವೂ ಸಿಕ್ಕಿತು. ಒಂದೇ ಕಂಬಿಯ ಮೇಲೆ ಬಟ್ಟೆ ಹಾಕಿದರೆ ಎರಡು ಮಡಿಕೆಗಳು ಒಂದಕ್ಕೊಂದು ಅಂಟಿ, ಒಳಮೈಗಳಿಗೆ ಗಾಳಿಯೇ ತಾಗುವುದಿಲ್ಲ. ಆದ್ದರಿಂದ 19 ಮಿಲಿಮೀಟರ್‌ನ ಸ್ಟೀಲ್ ಕೊಳವೆಗಳನ್ನು ಜೋಡಿ ಜೋಡಿಯಾಗಿ, ಜೋಡಿಯೊಳಗೆ 10 ಸೆಂಟಿಮೀಟರ್ ಅಂತರವಿಟ್ಟು ಕೂಡಿಸಿದೆ. ಎರಡೂ ಕಂಬಿಗಳ ಮೇಲೆ ಹಾಯಿಸಿ ಹಾಕಿದ ಬಟ್ಟೆಯ ಎರಡು ಭಾಗಗಳ ನಡುವೆ ಗಾಳಿಯ ಓಣಿಯೊಂದು ಉಳಿಯುತ್ತದೆ. ಎರಡು ಜೋಡಿಗಳ ನಡುವೆ 12 ಸೆಂಟಿಮೀಟರ್. ಕಂಬಿಯ ಉದ್ದ 1.45 ಮೀಟರ್ ಆದುದರಿಂದ 70 ಸೆಂಟಿಮೀಟರ್ ಅಗಲದ ಎರಡು ಬಟ್ಟೆಗಳು ಒಂದರ ಪಕ್ಕದಲ್ಲೊಂದು ಹಿಡಿಯುತ್ತವೆ. ನಾಲ್ಕು ಬಟ್ಟೆ, ನಾಲ್ಕು ಕಂಬಿ, ಚಾವಣಿಯ ಕೆಳಗೆ ಬರೀ 32 ಸೆಂಟಿಮೀಟರ್ ಜಾಗ. ಮೊದಲು ತಂದಿದ್ದ ಸತುವಿನ ಲೇಪದ ಸ್ಕ್ರೂಗಳು ಒಂದೇ ವಾರದಲ್ಲಿ ತುಕ್ಕು ಹಿಡಿದು ಬಟ್ಟೆಗೆ ಕೆಂಪು ಕಲೆ ಮಾಡಿದವು, ಅವನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಹಾಕಿಸಿದೆ. ಕಲೆಗಳಿಗೆ ಲಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಟ್ಟಾಗ ಬಹುತೇಕ ಹೋದವು.

ಆಗಸ್ಟ್ ಕೊನೆಯ ವಾರ ಮತ್ತೆ ಅದೇ ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಕಡೆ ಹೋಗಿ ಮೂರು ರಾತ್ರಿ ಇದ್ದು ಬಂದೆವು. ತಕ್ಕಡಿಯನ್ನೂ ಒಯ್ದಿದ್ದೆ. ಮನೆಯಲ್ಲಿ 236 ಗ್ರಾಂ ಇದ್ದ ಜೇನುಗೂಡಿನ ಬಟ್ಟೆ ಅಲ್ಲಿ, ಇನ್ನೂ ಬಳಸದೆ ಮಡಚಿಟ್ಟಾಗಲೇ, 250 ತೂಗಿತು. ಹತ್ತಿ ಆ ಹವೆಯಿಂದಲೇ 14 ಗ್ರಾಂ ತೇವ ಎಳೆದುಕೊಂಡಿತ್ತು. ಆದ್ದರಿಂದ ಅಲ್ಲಿಯ ಮಟ್ಟಿಗೆ 250 ಗ್ರಾಂ ಎಂದರೆ ಒಣಗಿದ ಬಟ್ಟೆ ಎಂದು ಹಿಡಿಯಬೇಕಾಯಿತು. ಸಂಜೆ ಸ್ನಾನದ ನಂತರ 271 ಇದ್ದುದು ಮುಂಜಾನೆ ಆರಕ್ಕೆ 253ಕ್ಕೆ ಇಳಿದಿತ್ತು. ಎರಡನೆಯ ರಾತ್ರಿಯೂ ಸರಿಸುಮಾರು ಹಾಗೆಯೇ ಆಯಿತು, ಗಾಜಿನ ಮೇಲೆ ಮಂಜು ಕೂಡಿದ್ದರೂ ನೀರು ಇಳಿಯಲಿಲ್ಲ, ಮನೆಗೆ ಬರುವವರೆಗೆ ಒಣಬಟ್ಟೆಗಳಿಗೆ ವಾಸನೆ ಬರಲಿಲ್ಲ. ಮಗಳ ಕೂದಲಿನ ಮೈಕ್ರೋಫೈಬರ್ ಮಾತ್ರ ಬೆಳಿಗ್ಗೆ ಇನ್ನೂ ಹಸಿಯಾಗಿತ್ತು. ಹಗಲು ಗಾಡಿ ಓಡುವಾಗ ಅದನ್ನು ಚಾಲಕನ ಸೀಟಿನ ಹಿಂದೆ ಕಟ್ಟಿ, ಹೀಟರ್ ಹಚ್ಚಿ, ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟಾಗ ಖಾನಾಪುರ ಮುಟ್ಟುವಷ್ಟರಲ್ಲಿ ಒಣಗಿತು.

ಮೂರನೆಯ ರಾತ್ರಿ ಗಾಳಿ ತಿರುಗಿ ಮಳೆ ಹಿಂದಿನಿಂದ ಹೊಡೆಯಿತು. ಫ್ಯಾನಿನ ಮುಚ್ಚಳದೊಳಗೆ ನೀರು ನುಗ್ಗಿದ್ದರಿಂದ ಅದನ್ನು ಮುಚ್ಚಿ ಮಲಗಬೇಕಾಯಿತು, ಮುಂಜಾನೆ ಬಟ್ಟೆಗಳು ರಾತ್ರಿ ಇದ್ದಷ್ಟೇ ತೂಗಿದವು. ಈಗ ಮುಚ್ಚಳದ ಒಳಗೆ 25 ಮಿಲಿಮೀಟರ್‌ನ ಅಲ್ಯೂಮಿನಿಯಮ್ ಕೋನದ ಪಟ್ಟಿಯೊಂದನ್ನು ನೀರು ತಡೆಯುವ ದಂಡೆಯಂತೆ ಅಂಟಿಸಿ, ಅದರ ಕೆಳಗೆ ಹನಿ ಹೊರಹೋಗಲು ಎರಡು ತೂತು ಕೊರೆದಿದ್ದೇನೆ. ಅಂಗಳದಲ್ಲಿ ಪೈಪ್ ಹಿಡಿದು ನೀರು ಹೊಡೆದು ನೋಡಿದಾಗ ಒಳಗೆ ಒಂದು ಹನಿಯೂ ಬರಲಿಲ್ಲ. ಘಟ್ಟದ ಮಳೆಯಲ್ಲಿ ಅದನ್ನು ನೋಡುವುದು ಬಾಕಿ ಇದೆ.